ಜೋಡಿ ಗೋರಿಯ ಖಾಲಿ ಅರ್ಧ

ಮಾಂಟೆಗೊ ಬೇ ಪೇಟೆಯ ಮೇಲಿರುವ ನಮ್ಮ ಗುಡ್ಡದಲ್ಲಿ ಸತ್ತವರನ್ನು ಮನೆಯಂಗಳದಲ್ಲೇ ಮಣ್ಣು ಮಾಡುತ್ತೇವೆ. ಗೋರಿಯಿರುವ ನೆಲಕ್ಕೆ ಯಾರೂ ಕೈ ಹಾಕುವುದಿಲ್ಲವೆಂದು ಮುದುಕಿ ಅಯೋನಿ ನಂಬಿದ್ದಳು.

ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುತ್ತ ಬಾಡಿಗೆ ಕೋಣೆಗಳಲ್ಲೇ ಬಾಳಿದವಳು ಅವಳು. ಮಗ ಒರೇನ್ ಗುಡ್ಡದ ಮೇಲೆ ಮನೆ ಕಟ್ಟಿಸಿದ ವರ್ಷವೇ ಗಂಡ ಯೂಸ್ಟಸ್ ತೀರಿಕೊಂಡ. ಮಗನ ದುಡ್ಡಿನಲ್ಲೇ ಅಂಗಳದ ದೀವಿಹಲಸಿನ ಮರದಡಿ ಜೋಡಿ ಗೋರಿ ಕಟ್ಟಿಸಿದಳು. ಒಂದು ಅರ್ಧ ಅವನಿಗೆ, ಇನ್ನೊಂದು ತನಗೆ. ಮಗ ಅದಕ್ಕೆ ಗುಲಾಬಿ ಟೈಲ್ಸ್ ಹಾಕಿಸಿದ.

"ಸತ್ತೋನಿಗೂ ಬಾತ್‌ರೂಮ್ ಕಟ್ಟಿಸಿದ್ಯಲ್ಲೇ!" ಎಂದು ಪಕ್ಕದ ಮನೆಯ ಪರ್ಲೈನ್ ಕೆಣಕಿದ್ದಳು.

"ಬದುಕಿರೋವರ್ಗೂ ಬೀದಿ ನಲ್ಲೀಲಿ ಮೈ ತೊಳ್ಕೊಂಡ. ಈಗ್ಲಾದ್ರೂ ಇರ್ಲಿ ಬಿಡೇ."

ಒರೇನ್ ಅಮೆರಿಕದ ಮುದುಕರಿಗೆ ಫೋನ್ ಮಾಡಿ, ನಿಮಗೆ ಲಾಟರಿ ಹೊಡೆದಿದೆ, ಮೊದಲು ಶುಲ್ಕ ಕಳಿಸಿ ಎಂದು ಸುಳ್ಳು ಹೇಳಿ ದುಡ್ಡು ಕೀಳುತ್ತಿದ್ದನಂತೆ. ಅವನಿಗೆ ಜೈಲಾಯಿತು. ಆ ದುಡ್ಡಿನಿಂದಲೇ ಬಂದದ್ದೆಂದು ಮನೆ, ಅಂಗಳ ಎರಡನ್ನೂ ಕೋರ್ಟು ಸರ್ಕಾರಕ್ಕೆ ಒಪ್ಪಿಸಿತು.

ಬಂದ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು. "ಮಂಚ, ಪಾತ್ರೆ ಎಲ್ಲ ತಗೊಂಡ್ಹೋಗಿ ಅಮ್ಮ," ಎಂದಳು.

"ನನ್ನ ಗಂಡ?"

"ತೆಗೆದು ಬೇರೆ ಕಡೆ ಮಣ್ಣು ಮಾಡ್ಬಹುದು. ಅನುಮತಿ ಬೇಕು, ಖರ್ಚು ನಿಮ್ದೇ."

ಅಷ್ಟು ದುಡ್ಡು ಅಯೋನಿಯ ಬಳಿ ಎಲ್ಲಿತ್ತು? "ಹೋಗ್ಲಿ, ಪಕ್ಕದ್ದು ನನ್ನ ಜಾಗ ಕಣಮ್ಮ. ಖಾಲಿ ಇದೆ, ಯಾರಿಗೂ ಬೇಡದ್ದು. ಅದೊಂದು ನಂಗೆ ಬಿಟ್ಬಿಡಿ."

"ಅದೂ ಅದೇ ದುಡ್ಡಲ್ಲಿ ಕಟ್ಟಿದ್ದಲ್ವಾ?" ಹುಡುಗಿ ದನಿ ತಗ್ಗಿಸಿದಳು. "ದುಡ್ಡು ಕಳ್ಕೊಂಡೋರೂ ನಿಮ್ಮಂಥ ಮುದುಕೀರೇ ಅಮ್ಮ."

ಅಯೋನಿ ಬಹಳ ಹೊತ್ತು ಟೈಲ್ಸ್ ಮೇಲೆ ಬಿದ್ದ ಎಲೆಗಳನ್ನು ಆರಿಸುತ್ತಿದ್ದಳು.

"ಇದನ್ನ ಮಾರಿದ್ರೆ ಅವರಿಗೆ ಸಿಗುತ್ತಾ?"

"ಒಂದಿಷ್ಟು ಸಿಗ್ಬಹುದು."

"ಸಿಗ್ಲಿ," ಎಂದಳು.

ಮನೆ ಬಿಡುವಾಗ ಅಂಗಳದ ಸತ್ತವರಿಗೆ ಹೇಳಿ ಹೋಗಬೇಕು. ಇಲ್ಲದಿದ್ದರೆ ಅವರು ಹುಡುಕಿಕೊಂಡು ಅಲೆಯುತ್ತಾರೆ. ಅಯೋನಿ ಖಾಲಿ ಅರ್ಧದ ಮೇಲೆ ಕೂತು, ಪಕ್ಕದ ಕಲ್ಲಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದಳು. ಅವಳು ಹೊರಬಂದ ಮೇಲೆ ಅಧಿಕಾರಿ ಗೇಟಿಗೆ ಸರಪಳಿ ಸುತ್ತಿದಳು.

"ಎಲ್ಲಿಗೆ ಅಂತ ಹೇಳ್ದ್ಯೇನೇ?" ಮಂಚದ ಇನ್ನೊಂದು ತುದಿ ಹಿಡಿದಿದ್ದ ಪರ್ಲೈನ್ ಕೇಳಿದಳು.

"ಹೇಳ್ದೆ. ಪೇಟೇಲಿ ತಂಗಿ ಕೋಣೆ, ಮೀನು ಮಾರ್ಕೆಟ್ಟಿನ ಹಿಂದೆ ಅಂತ." ಅಯೋನಿ ಮಂಚ ಎತ್ತಿದಳು. "ಹೋಗ್ಬರ್ತೀನಿ ಅನ್ನೋಕೆ ಮಾತ್ರ ಬಾಯಿ ಬರ್ಲಿಲ್ಲ ಕಣೇ."