ಅರ್ಧ ಟಿಕ್ ತೆಗೆದು ನೋಡು

ಸಿಟ್ಟು ಬಂದರೆ ಅಕ್ಕನ ಎಡಗಿವಿ ಮೊದಲು ಕೆಂಪಾಗುತ್ತಿತ್ತು. ಆಮೇಲೆ ಕುತ್ತಿಗೆ, ಕೊನೆಗೆ ಮೂಗಿನ ತುದಿ. ದೆಹಲಿಯ ಓಖ್ಲಾದ ನಮ್ಮ ಗಾರ್ಮೆಂಟ್ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ಅವರದು. ಎಲ್ಲರಿಗೂ ‘ಮೇಡಂ’, ಕುಂದಾಪುರದ ಕಡೆಯವರಾದ್ದರಿಂದ ಕನ್ನಡದವಳಾದ ನನಗೊಬ್ಬಳಿಗೆ ಅಕ್ಕ. ಕೀಬೋರ್ಡಿನ ಮೇಲೆ ಪರಾಠಾ ತಿಂದವರ ಮೇಜಿಗೇ ಹೋಗಿ ಕೀಬೋರ್ಡ್ ಮಗುಚಿ, ಚೂರುಗಳನ್ನೆಲ್ಲ ಅವರ ಮುಂದೆಯೇ ಕೊಡವಿ ಬರುತ್ತಿದ್ದರು. ‘ಫಾರ್ಮ್ಯಾಟ್ ಮಾಡಿಬಿಡಿ’ ಎಂದವರನ್ನು ಕಂಡರಂತೂ ಕೆಂಡ.

“ಎಲ್ಲ ಅಳಿಸಿದ್ರೆ ಮಿಷಿನ್ ಸರಿಯಾಗ್ತದೆ ಮಾರಾಯ್ತಿ. ತಪ್ಪು ಯಾರದ್ದು ಅಂತ ಮಾತ್ರ ಯಾವತ್ತೂ ಗೊತ್ತಾಗುದಿಲ್ಲ.”

ನಾನಾಗ ಕೆಲಸಕ್ಕೆ ಹೊಸಬಳು. ಒಂದು ಚಳಿಗಾಲ ನನ್ನ ಕಂಪ್ಯೂಟರ್ ಶುರುವಾಗುವಾಗಲೇ ಕೈಕೊಡತೊಡಗಿತು. ಡೆಸ್ಕ್‌ಟಾಪಿನ ಚಿತ್ರ ಬಂದು ನಿಂತುಬಿಡುತ್ತಿತ್ತು, ಐಕಾನ್‌ಗಳ ಸುಳಿವಿಲ್ಲ. ಒಂದು ಶುಕ್ರವಾರ ಇದರಿಂದಾಗಿ ವಿದೇಶದ ಖರೀದಿದಾರರಿಗೆ ಹೋಗಬೇಕಾದ ಮೇಲ್ ತಡವಾಯಿತು. ಮಾಲೀಕರ ಅಳಿಯನೇ ನಮ್ಮ ಮ್ಯಾನೇಜರ್. ಎಲ್ಲರೆದುರು ನನ್ನ ಮೇಲೆ ಕೂಗಾಡಿದ. ದಿನವಿಡೀ ಹಾಡು ಇಳಿಸಿ, ಚಾಟ್ ಮಾಡಿ ಮಿಷಿನ್ ಕೆಡಿಸಿದ್ದೇನಂತೆ. “ಸೋಮ್‌ವಾರ್ ಸೇ ಮತ್ ಆನಾ!” ಸೋಮವಾರದಿಂದ ಬರಲೇಬೇಡವಂತೆ.

ನಾನು ಒಂದು ಹಾಡನ್ನೂ ಇಳಿಸಿರಲಿಲ್ಲ. ಅಕ್ಕ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಅಗತ್ಯದ್ದಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ತೆರೆದು, ಕಂಪ್ಯೂಟರ್ ಜೊತೆಗೇ ತಾವಾಗಿ ಶುರುವಾಗುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸಿದರು, ಒಂದೊಂದರ ಮುಂದೆಯೂ ಟಿಕ್ ಗುರುತು.

“ಅಳ್ಬೇಡ. ಅರ್ಧ ಟಿಕ್ ತೆಗೆದು ನೋಡು.”

ತೆಗೆದು ರೀಸ್ಟಾರ್ಟ್ ಮಾಡಿದೆ. ಸಲೀಸಾಗಿ ತೆರೆದುಕೊಂಡಿತು. ಅಂದರೆ ತೊಂದರೆ ಕೊಡುವುದು ನಾವು ತೆಗೆದ ಅರ್ಧದಲ್ಲಿತ್ತು. ಅದರಲ್ಲಿ ಮತ್ತರ್ಧ ಹಾಕಿದಾಗ ಪುನಃ ನಿಂತಿತು. ಹೀಗೆ ಸೋಸುತ್ತ ಹೋದಾಗ ಕೊನೆಗೆ ಒಂದೇ ಒಂದು ಉಳಿಯಿತು. ಪ್ರಿಂಟರಿಗೆ ಸಂಬಂಧಿಸಿದ್ದೆಂಬಂತೆ ಅದರ ಹೆಸರು. ನನ್ನ ಕಂಪ್ಯೂಟರಿಗೆ ಪ್ರಿಂಟರೇ ಇರಲಿಲ್ಲ.

ಅಕ್ಕ ಅದರ ಫೋಲ್ಡರ್ ತೆರೆದರು. ಒಳಗೆ ನನ್ನ ಪರದೆಯ ಚಿತ್ರಗಳು, ನಾನು ಒತ್ತಿದ ಒಂದೊಂದು ಅಕ್ಷರ. ಊಟದ ಬಿಡುವಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಕುಟ್ಟಿ ತಂಗಿಗೆ ಕಳಿಸಿದ್ದ ಮೇಲ್, ಅದರಲ್ಲಿ ನನ್ನ ನಿಶ್ಚಿತಾರ್ಥ ಮುರಿದುಬಿದ್ದ ಕಥೆ. ನನ್ನ ಪಾಸ್‌ವರ್ಡ್. ಮೈಯೆಲ್ಲ ಉರಿದುಹೋಯಿತು. ಆಫೀಸಿನ ಉಳಿದ ಹುಡುಗಿಯರ ಮಿಷಿನ್‌ಗಳಲ್ಲೂ ಅದು ಕೂತಿತ್ತು. ಗಂಡಸರ ಒಂದರಲ್ಲೂ ಇರಲಿಲ್ಲ. ಹೊಸ ಪ್ರೋಗ್ರಾಮ್ ಹಾಕುವ ಅಧಿಕಾರವಿದ್ದದ್ದು ಇಬ್ಬರಿಗೇ, ಅಕ್ಕನಿಗೆ ಮತ್ತು ಮ್ಯಾನೇಜರ್‌ಗೆ.

ಅಕ್ಕ ಕ್ಯಾಬಿನ್ನಿಗೆ ನುಗ್ಗಿದರು, ಬಾಗಿಲು ಮುಚ್ಚಲಿಲ್ಲ.

“ಯೇ ಆಪ್ನೇ ಡಾಲಾ ಹೈ?” ಇದನ್ನು ಹಾಕಿದ್ದು ನೀವೇನಾ ಎಂದರು.

“ಕಂಪನಿ ಕಾ ಕಂಪ್ಯೂಟರ್ ಹೈ, ಮೇಡಂ.”

“ಕಂಪ್ಯೂಟರ್ ಕಂಪನಿ ಕಾ ಹೈ. ಲಡ್ಕಿಯಾಂ ನಹೀಂ!” ಕಂಪ್ಯೂಟರ್ ಕಂಪನಿಯದು, ಹುಡುಗಿಯರಲ್ಲ.

ಎಲ್ಲರೆದುರು ಬೈದವನು ಎಲ್ಲರೆದುರೇ ಮಾಫಿ ಕೇಳಬೇಕೆಂದು ಪಟ್ಟು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಮಾಲೀಕರ ತೀರ್ಪು ಬಂತು: ನಾನು ಕೆಲಸದಲ್ಲಿ ಉಳಿಯಬಹುದು, ದನಿ ಏರಿಸಿದ್ದಕ್ಕೆ ಅಕ್ಕನೇ ಕ್ಷಮೆ ಕೇಳಬೇಕು! ಇವತ್ತಿಗೂ ನೆನೆದರೆ ನನ್ನ ಹಲ್ಲು ಬಿಗಿಯುತ್ತದೆ. ಅಕ್ಕ ಕೇಳಲಿಲ್ಲ. ಎಲ್ಲ ಮಿಷಿನ್‌ಗಳಿಂದ ಆ ಪ್ರೋಗ್ರಾಮನ್ನು ಕಿತ್ತುಹಾಕಿ, ಟಿಫಿನ್ ಡಬ್ಬಿ ಎತ್ತಿಕೊಂಡರು. ನಾನೂ ಎದ್ದೆ.

“ಕೂತ್ಕೋ,” ಎಂದು ಗದರಿದರು. “ಬೇರೆ ಕೆಲಸ ಸಿಕ್ಕಿದ ಮೇಲೆ ಎದ್ದು ಬಾ. ಸಿಟ್ಟು ಹಳಸುದಿಲ್ಲ.”

ಗುರ್‌ಗಾಂವ್‌ನಲ್ಲಿ ಕೆಲಸ ಸಿಕ್ಕಿದ ದಿನವೇ ಬಿಟ್ಟು ಬಂದೆ. ಅಕ್ಕ ವಸಂತ್ ಕುಂಜ್‌ನ ತಮ್ಮ ಮನೆಯಲ್ಲೇ ಹೆಂಗಸರಿಗೆ ಕಂಪ್ಯೂಟರ್ ಕಲಿಸತೊಡಗಿದರು. ತಮ್ಮ ಮಿಷಿನ್‌ನಲ್ಲಿ ಏನೇನು ಓಡುತ್ತಿದೆಯೆಂದು ನೋಡುವುದೇ ಅವರ ಮೊದಲ ಪಾಠವಾಗಿತ್ತು. ಕೆಲವು ವರ್ಷಗಳ ನಂತರ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಹದಿಮೂರನೆಯ ದಿನ ಆ ಮ್ಯಾನೇಜರೂ ಹೂವಿನ ಹಾರ ಹಿಡಿದು ಬಂದ. ಅಕ್ಕನ ಫೋಟೋದ ಮುಂದೆ ನಿಂತು, “ಗುಸ್ಸೇವಾಲೀ ಥೀಂ, ಲೇಕಿನ್ ದಿಲ್ ಕೀ ಅಚ್ಛೀ ಥೀಂ,” ಎಂದ. ಸಿಟ್ಟಿನವರಾದರೂ ಮನಸ್ಸು ಒಳ್ಳೆಯದಂತೆ!

“ಗುಸ್ಸಾ ಭೀ ಅಚ್ಛಾ ಥಾ, ಸರ್,” ಎಂದೆ. “ಆಪ್ಕೀ ಮಾಫಿ ಅಭೀ ಬಾಕೀ ಹೈ.” ಸಿಟ್ಟೂ ಒಳ್ಳೆಯದೇ ಆಗಿತ್ತು, ನಿಮ್ಮ ಮಾಫಿಯೇ ಇನ್ನೂ ಬಾಕಿ.

ಅವನು ಬಾಗಿಲ ಬಳಿ ಶೂ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ದೆಹಲಿಯಲ್ಲೇ ಬೆಳೆದ ಅಕ್ಕನ ಮಗಳು ನನಗೆ ನೀರು ತಂದುಕೊಟ್ಟಳು.

“ಆಂಟಿ, ಅಮ್ಮ ಹೋತೀಂ ನಾ, ಇದ್ದಿದ್ರೆ,” ಎಂದಳು, “ಇನ್ನೂ ಜೋರಾಗಿ ಹೇಳ್ತಿದ್ರು.”