ತಲೆಯ ಬಾಗಿಲಿಗೆ ಎರಡು ಹನಿ

ಒಂದು ಕನ್ಫೆಶನ್ನಿನಿಂದಲೇ ಶುರು ಮಾಡುತ್ತೇನೆ. ಎಪ್ಪತ್ತೆರಡು ದಾಟಿದ ಹೆಂಗಸು, ರಿಟೈರ್ಡ್ ಇಂಗ್ಲಿಷ್ ಟೀಚರ್, ದಿನಾ ಬೆಳಿಗ್ಗೆ ಮಂಚದ ಅಂಚಿನಿಂದ ತಲೆ ಹಿಂದಕ್ಕೆ ಇಳಿಬಿಟ್ಟು ಯಲಬುರ್ಗಾದ ನಮ್ಮ ಮನೆಯನ್ನು ಬುಡಮೇಲಾಗಿ ನೋಡುತ್ತೇನೆ. ಫ್ಯಾನು ನೆಲದಲ್ಲಿ ಬೆಳೆದ ಗಿಡದಂತಿರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಒಳಗೆ ಬಂದರೆ ಮೊದಲು ಕಾಣುವುದು ಪಾದ, ಅದೂ ಸೂರಿಗೆ ಅಂಟಿಕೊಂಡು ನಡೆಯುವ ಪಾದ. ಹೀಗೆ ಮಲಗಿ ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಉಗುರುಬೆಚ್ಚಗಿನ ಎಳ್ಳೆಣ್ಣೆ ಬಿಟ್ಟುಕೊಳ್ಳುವುದಕ್ಕೆ ಆಯುರ್ವೇದದಲ್ಲಿ ನಸ್ಯ ಎನ್ನುತ್ತಾರೆ.

ಕಾನ್ವೆಂಟಿನಲ್ಲಿ ಕಲಿತವಳಿಗೆ ಇದು ಸಣ್ಣ ಸಾಹಸವಲ್ಲ. ನಮ್ಮ ಬೋರ್ಡಿಂಗಿನ ಸಿಸ್ಟರ್ ಪ್ರತಿ ಸೋಮವಾರ ಸಾಲಾಗಿ ನಿಲ್ಲಿಸಿ ಕರ್ಚೀಫ್ ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ಲೇಡಿಯಾದವಳಿಗೆ ಮೂಗು ಇದೆ ಎನ್ನುವುದೇ ಇನ್ನೊಬ್ಬರಿಗೆ ಗೊತ್ತಾಗಬಾರದು ಎಂಬುದು ಅವರ ಥಿಯರಿ. ಅವರ ಶಿಷ್ಯೆ ಈಗ ಎಣ್ಣೆ ಒಳಗೆಳೆದು, ಗಂಟಲಿಗೆ ಇಳಿದದ್ದನ್ನು ಖರ್ರ್ ಎಂದು ಕ್ಯಾಕರಿಸಿ ಉಗುಳುತ್ತಾಳೆ. ಸಾರಿ, ಸಿಸ್ಟರ್.

ಮನೆಯಲ್ಲಿ ನಾವಿಬ್ಬರು, ನಾನು ಮತ್ತು ನನ್ನ ನಾದಿನಿ ನೀಲವ್ವ. ಇಬ್ಬರ ಗಂಡಂದಿರೂ ಇಲ್ಲ. ನನ್ನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು, ಹೋಗಿ ಹನ್ನೊಂದು ವರ್ಷವಾಯಿತು. ಎರಡು ವರ್ಷದ ಹಿಂದೆ ಬಂದ ಜ್ವರ ನನ್ನ ವಾಸನೆಯನ್ನು ಪೂರಾ ಒಯ್ದಿತು, ಮೂಗು ಸದಾ ಕಟ್ಟಿಕೊಂಡಿತು. ಒಂದು ದಿನ ಹಾಲು ಉಕ್ಕಿ ಒಲೆ ಆರಿದ್ದು ತಿಳಿಯದೆ ಪಕ್ಕದಲ್ಲೇ ಕೂತು ಕ್ರಾಸ್‌ವರ್ಡ್ ಬಿಡಿಸುತ್ತಿದ್ದೆ. ಗುಡಿಯಿಂದ ಬಂದ ನೀಲವ್ವ ಬಾಗಿಲಲ್ಲೇ ಚೀರಿದಳು. ಮನೆ ತುಂಬ ಗ್ಯಾಸ್. ಅವತ್ತಿನಿಂದ ನನ್ನನ್ನು ಒಬ್ಬಳನ್ನೇ ಬಿಟ್ಟು ಅವಳು ಎಲ್ಲಿಗೂ ಹೋಗಿರಲಿಲ್ಲ.

ಈಗ ಹುಲಿಹೈದರದಲ್ಲಿ ಅವಳ ಮಗಳು ರೇಖಾಗೆ ಎಂಟು ತಿಂಗಳು ತುಂಬುತ್ತ ಬಂದಿತ್ತು. ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ. ಅತ್ತೆಯಿಲ್ಲ, ಬಾಣಂತನಕ್ಕೆ ತಾಯಿಯೇ ಬೇಕು. ನೀಲವ್ವನ ಚೀಲ ತುಂಬಿ ಬಾಗಿಲ ಹಿಂದೆ ಕೂತಿತ್ತು. "ನಿಮ್ಮ ಮೂಗು ಬರೂತನಾ ನಾ ಹೋಗಂಗಿಲ್ರಿ ವೈನಿ. ಅಲ್ಲಿ ಕೂಸಿನ ಹಡಿಸಿ ಬರೂದ್ರಾಗ ಇಲ್ಲಿ ನಿಮ್ಮ ತಿಥಿ ಮಾಡೂದಾದ್ರ?"

ಹಾಗಾಗಿ ಕೊಪ್ಪಳದ ಆಯುರ್ವೇದ ಡಾಕ್ಟರ ಹತ್ತಿರ ಹೋದೆವು. ತರುಣ, ನಗುಮುಖದವನು. "ತಲಿಗೆ ಮೂಗ ಬಾಗಿಲ ಇದ್ದಂಗ್ರಿ ಟೀಚರ್. ದಿನಾ ಎಣ್ಣಿ ಬಿಟ್ರ ಕೀಲು ಕಿರ್ರ್ ಅನ್ನಂಗಿಲ್ಲ" ಎಂದ. ಬಾಗಿಲು ಎಂದಮೇಲೆ ಅದರೊಳಗೆ ಯಾರು ಬರುತ್ತಾರೆ ಎಂದು ನಾನು ಕೇಳಬೇಕಿತ್ತು.

ಮೂರು ವಾರಕ್ಕೆ ಉಸಿರು ಸಲೀಸಾಯಿತು. ನಾಲ್ಕನೆಯ ವಾರದ ಒಂದು ಬೆಳಿಗ್ಗೆ, ಎಂಟು ಗಂಟೆಗೆ, ತಲೆ ಇಳಿಬಿಟ್ಟು ಮಲಗಿದ್ದಾಗ ವಾಸನೆ ಬಂತು. ಡೀಸೆಲ್, ಕೆಂಪು ಸೋಪು, ಲವಂಗ. ರಾತ್ರಿ ಪಾಳಿ ಮುಗಿಸಿ ಸರಿಯಾಗಿ ಎಂಟಕ್ಕೆ ಮನೆಗೆ ಬರುತ್ತಿದ್ದ ನನ್ನವರ ವಾಸನೆ. ಅದು ಗಾಳಿಯಲ್ಲಿ ತೇಲಿ ಬರಲಿಲ್ಲ. ಬಾಗಿಲಿನಿಂದ ನಡೆದು ಬಂದು ಮಂಚದ ಪಕ್ಕ ನಿಂತಿತು. ಬುಡಮೇಲಾದ ಕೋಣೆಯಲ್ಲಿ ಪಾದ ಹುಡುಕಿದೆ. ಪರದೆಯೊಂದೇ ಉಸಿರಾಡುತ್ತಿತ್ತು.

ಅಡುಗೆಮನೆಗೆ ಓಡಿ ಇಂಗಿನ ಡಬ್ಬಿಗೆ ಮೂಗಿಟ್ಟೆ. ನಥಿಂಗ್. ಕಾಫಿಪುಡಿ, ಬೆಳ್ಳುಳ್ಳಿ, ಫಿನಾಯಿಲ್, ಯಾವುದೂ ಇಲ್ಲ. ಬದುಕಿದ್ದ ಯಾವ ವಾಸನೆಗೂ ತೆರೆಯದ ಮೂಗು ಸತ್ತವರೊಬ್ಬರಿಗೆ ಮಾತ್ರ ತೆರೆದಿತ್ತು. ಮರುದಿನವೂ ಎಂಟಕ್ಕೆ, ಅದರ ಮರುದಿನವೂ.

ಡಾಕ್ಟರಿಗೆ ಫೋನ್ ಮಾಡಿದೆ. "ಇದಕ್ಕ ಫ್ಯಾಂಟಮ್ ಸ್ಮೆಲ್ ಅಂತಾರ್ರಿ. ಹೋದ ವಾಸನಿ ತಿರುಗಿ ಬರೂಮುಂದ ಹಿಂಗಾಗೂದುಂಟು. ಎಣ್ಣಿ ನಿಲ್ಲಸಬ್ಯಾಡ್ರಿ. ಖರೇ ವಾಸನಿ ಬಂದಂಗ ಇದು ತಾನ ಹೊಕ್ಕೈತಿ."

ಹೊಕ್ಕೈತಿ. ಹೋಗುತ್ತದೆ ಎಂದು ಎಷ್ಟು ಸಲೀಸಾಗಿ ಅಂದುಬಿಟ್ಟ! ನಾನು ಮಾಡಿದ್ದನ್ನು ನಿಮಗೆ ಹೇಳಲು ನಾಚಿಕೆ. ಎಣ್ಣೆ ನಿಲ್ಲಿಸಿದೆ. ನೀಲವ್ವನ ಎದುರು ಬರಿಯ ಡ್ರಾಪರ್ ಹಿಡಿದು ಆ್ಯಕ್ಟಿಂಗ್ ಮಾಡಿದೆ. ಬಾಗಿಲ ಹಿಂದೆ ಚೀಲ ಕೂತೇ ಇತ್ತು. ಮೂರನೆಯ ದಿನ ವಾಸನೆ ಎಷ್ಟು ದಟ್ಟವಾಯಿತೆಂದರೆ, ಅದು ಹೊರಗೆ ಹೋಗದಿರಲೆಂದು ಎರಡೂ ಹೊಳ್ಳೆಗೆ ಹತ್ತಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ಮಲಗಿದೆ.

ಮೂಗಿಗೆ ಹತ್ತಿ ಯಾರಿಗೆ ಇಡುತ್ತಾರೆಂದು ನಿಮಗೆ ಗೊತ್ತು. ಕಾನ್ವೆಂಟಿನ ಜಾಣೆಗೆ ಆ ಕ್ಷಣ ಹೊಳೆಯಲಿಲ್ಲ. ನೀರು ಹಿಡಿದು ಬಂದ ನೀಲವ್ವನ ಕೈಯಿಂದ ಕೊಡ ಬಿತ್ತು. "ಅಯ್ಯ ನಮ್ಮವ್ವಾ! ಹತ್ತಿ ಯಾರಿಟ್ರಿ?" ಎಂದವಳು, ನಾನು ಕಣ್ಣು ಬಿಟ್ಟಾಗ ಇನ್ನೂ ಜೋರಾಗಿ ಚೀರಿದಳು. ಆಮೇಲೆ ಒದ್ದೆ ನೆಲದ ಮೇಲೇ ಕೂತು ನನ್ನ ಪಾದ ಹಿಡಿದುಕೊಂಡಳು. ಬೆಚ್ಚಗಿದೆಯೇ ಎಂದು ನೋಡುತ್ತಿದ್ದಳು. ಒಳಗೆ ಫೋನ್ ರಿಂಗಾಗುತ್ತಿತ್ತು, ರೇಖಾಳದು. ಅವಳು ಎತ್ತಲಿಲ್ಲ.

ಅವತ್ತೇ ಎಣ್ಣೆ ಬೆಚ್ಚಗೆ ಮಾಡಿದೆ.

ದಿನದಿನಕ್ಕೂ ಅವರು ತೆಳುವಾದರು. ಮೊದಲು ಸೋಪು ಹೋಯಿತು, ಆಮೇಲೆ ಡೀಸೆಲ್. ಲವಂಗ ನಾಲ್ಕು ದಿನ ಬಾಗಿಲಲ್ಲಿ ನಿಂತಿತ್ತು, ಒಳಗೆ ಬರಲಿಲ್ಲ. ಐದನೆಯ ದಿನ ಒಗ್ಗರಣೆಯ ಇಂಗು ಬಂದು ನನಗೆ ಅಳು ಬಂತು.

ನೀಲವ್ವ ಎಗ್ಸಾಮ್ ಇಟ್ಟಳು. ಜೀವನಪೂರ್ತಿ ಪರೀಕ್ಷೆ ಮಾಡಿದವಳ ಕಣ್ಣಿಗೆ ಟವೆಲ್ ಕಟ್ಟಿದಳು.

"ಇದೇನ್ರಿ?"

"ಬೆಳ್ಳುಳ್ಳಿ."

"ಇದು?"

"ನಿನ್ನ ಸೆರಗು. ಒಗೀ ಅದನ್ನ."

ಮೂರನೆಯದಕ್ಕೆ ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ ಕೆಟ್ಟ ನಾತ. "ಗ್ಯಾಸ್! ಬಂದ್ ಮಾಡ, ಹುಚ್ಚಿ!"

"ಪಾಸ್" ಎಂದಳು, ಮತ್ತು ಚೀಲ ಎತ್ತಿಕೊಂಡಳು.

ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಕೇಳಿದಳು. "ವೈನಿ, ನಮ್ಮಣ್ಣ ಹೋದನೇನ್ರಿ?"

"ನಿನಗ್ಯಾರು ಹೇಳಿದ್ರು?"

"ಯಾರ ಹೇಳಬೇಕ್ರಿ? ನಂಗೂ ಬರ್ತಿತ್ತಲ್ಲ, ದಿನಾ ಎಂಟಕ್ಕ." ಚೀಲವನ್ನು ಹೆಗಲಿಗೇರಿಸಿದಳು. "ಹೇಳಿದ್ರ ನೀವು ಎಣ್ಣಿ ಹಾಕ್ಕೊಳ್ಳೂದ ಬಿಟ್ಟಬಿಡ್ತಿದ್ರಿ. ನಂಗ ಕೂಸಿನ ಕಡಿ ಹೋಗೂದಿತ್ತು."

ಅವಳ ಬಸ್ಸು ಹೋಯಿತು. ನೀಲವ್ವನಿಗೆ ಜ್ವರ ಬಂದಿರಲಿಲ್ಲ, ಅವಳ ಮೂಗು ಒಂದು ದಿನವೂ ಕಟ್ಟಿಲ್ಲ. ಫ್ಯಾಂಟಮ್ ಎಂದರೆ ಒಬ್ಬರ ಮೂಗಿನ ಭ್ರಮೆ. ಇಬ್ಬರಿಗೆ ಒಂದೇ ಹೊತ್ತಿಗೆ ಬಂದರೆ ಅದನ್ನು ಏನೆನ್ನುತ್ತಾರೆ ಎಂದು ಡಾಕ್ಟರಿಗೆ ಕೇಳೋಣವೆಂದು ಫೋನ್ ಕೈಗೆತ್ತಿಕೊಂಡೆ. ಆಮೇಲೆ ಕೆಳಗಿಟ್ಟೆ. ಹೆಸರು ಗೊತ್ತಾದರೆ ಅದಕ್ಕೂ ಒಂದು ಎಣ್ಣೆ ಬರೆದುಕೊಡುತ್ತಾನೆ.