ಸೂಗಮ್ಮನ ಎಣ್ಣೆ ಹೋದ ದಾರಿ

ರಂಗಂಪೇಟೆಯಲ್ಲಿ ಗಾಣಿಗರ ಸೂಗಮ್ಮನ ಮನೆ ಯಾವುದೆಂದು ಕೇಳಿದರೆ ಮಂದಿ ‘ಅರಮನೆ ದೀಪದ ಗಾಣವಾ?’ ಎಂದು ಮೊದಲು ಕೇಳಿ ಆಮೇಲೆ ಕೈ ತೋರಿಸುತ್ತಿದ್ದರು. ಆ ಹೆಸರನ್ನು ಬೇರೆ ಯಾರೂ ಕೊಟ್ಟದ್ದಲ್ಲ. ಸೂಗಮ್ಮನೇ ಇಟ್ಟುಕೊಂಡು, ಸಂತೆಯಿಂದ ಸಂತೆಗೆ ಹೇಳಿ ಹೇಳಿ ಗಟ್ಟಿ ಮಾಡಿದ್ದು.

ಗಂಡ ತೀರಿಕೊಂಡಾಗ ಮಗ ಗುರಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಹೆಂಗಸು ಗಾಣದ ಹಲಗೆಯ ಮೇಲೆ ಕೂಡಬಾರದೆಂದು ಕುಲದ ಹಿರಿಯರು ಬಂದು ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿದರು. ಸೂಗಮ್ಮ ಅವರಿಗೆ ಕುಡಿಯಲು ನೀರು ಕೊಟ್ಟಳು, ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದಳು, ಅವರ ಎದುರಿಗೇ ಹೋಗಿ ಹಲಗೆಯ ಮೇಲೆ ಕೂತಳು. ಹಿರಿಯರು ನೀರು ಕುಡಿದು ಎದ್ದು ಹೋದರು. ಬೇರೇನು ಮಾಡಿಯಾರು? ಊರಿಗೆ ಎಣ್ಣೆ ಬೇಕಾಗಿತ್ತು.

ಅಂದಿನಿಂದ ಕುಸುಬೆ ಎಣ್ಣೆಯ ಕೊಡ ಹೊತ್ತು ಸುರಪುರದ ಏರು ಹತ್ತಿ ಅರಮನೆಯ ಹಿಂದಿನ ಬಾಗಿಲಿಗೆ ಮುಟ್ಟಿಸುವುದು ಅವಳ ಪಾಲಿನ ಕೆಲಸವಾಯಿತು. ಅಲ್ಲಿ ಕಾವಲಿನ ಪರಮಣ್ಣ ಎಣ್ಣೆ ಅಳೆದುಕೊಂಡು ಒಳಗೆ ಒಯ್ಯುತ್ತಿದ್ದ. ಹೊಸ್ತಿಲ ಆಚೆ ಸೂಗಮ್ಮ ಒಮ್ಮೆಯೂ ಕಾಲಿಟ್ಟವಳಲ್ಲ. ಆದರೂ ಒಳಗಿನದೆಲ್ಲ ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು: ದರಬಾರಿನ ಗೋಡೆಯ ತುಂಬ ಗೂಡು ಕೊರೆದ ದೀಪದ ಮಾಡಗಳು, ಒಂದೊಂದು ಮಾಡದಲ್ಲಿ ಒಂದೊಂದು ಹಣತೆ, ಹಣತೆಯ ತುಂಬ ತನ್ನ ಗಾಣದ ಎಣ್ಣೆ. ಗಾಣಿಗರಿಗೆ ಎಣ್ಣೆ ಹೋಗುವ ದಾರಿ ಎರಡೇ ಗೊತ್ತು, ಒಂದು ಬಾಯಿ, ಇನ್ನೊಂದು ಬತ್ತಿ. ಅರಮನೆಯ ಅಡಿಗೆಗೆ ತುಪ್ಪ ಹೋಗುತ್ತದೆಂದು ಅವಳು ಕೇಳಿದ್ದಳು. ಹಾಗಿದ್ದ ಮೇಲೆ ಎಣ್ಣೆ ಬತ್ತಿಗೇ ಹೋಗಬೇಕಲ್ಲವೇ?

ಹೆದರಿಕೆ ಎನ್ನುವುದು ಅವಳ ಹತ್ತಿರ ಸುಳಿದಿರಲಿಲ್ಲ. ರಜಾಕಾರರ ಹಾವಳಿಯ ವರ್ಷ ಚಳವಳಿಯ ಹುಡುಗರು ಕೆಲವರು ಅವಳ ಗಾಣದ ಮನೆಯಲ್ಲಿ ಅಡಗಿದ್ದರು. ರೊಟ್ಟಿ, ಹಿಂಡಿಪಲ್ಯ ಹೊಟ್ಟೆ ತುಂಬ ಹಾಕಿದಳು. ಮರುದಿನ ಎತ್ತು ಬಿಚ್ಚಿ ಮೇಯಲು ಬಿಟ್ಟು ನೊಗವನ್ನು ಅವರ ಹೆಗಲಿಗೆ ಕೊಟ್ಟಳು. ಪುಕ್ಕಟೆ ಕೂಳು ತಿಂದವರು ದೇಶ ಹ್ಯಾಂಗ ಆಳ್ತೀರಿ ಎಂದು ಕೇಳಿದಳಂತೆ. ಹುಡುಗರು ಗಾಣ ಸುತ್ತಿದರು. ಮುಂದೆ ಅವರಲ್ಲಿ ಒಬ್ಬಿಬ್ಬರು ಖಾದಿ ತೊಟ್ಟು ಜೀಪಿನಲ್ಲಿ ಓಡಾಡಿದರು. ಗಾಣ ಸುತ್ತಿದ ಮಾತನ್ನು ಮಾತ್ರ ಯಾವ ಭಾಷಣದಲ್ಲೂ ಹೇಳಲಿಲ್ಲ.

ನಿಜಾಮನ ಆಳಿಕೆ ಮುಗಿದು ಹೈದರಾಬಾದ್ ಸೀಮೆ ಹಿಂದುಸ್ತಾನದಲ್ಲಿ ಕೂಡಿಕೊಂಡ ಮೇಲೆ ಅರಮನೆಯ ಖರ್ಚು ಬಿಗಿಯಾಯಿತು. ಎಣ್ಣೆಯ ಕೊಡ ಮೊದಲು ಅರ್ಧವಾಯಿತು, ಆಮೇಲೆ ನಿಂತೇ ಹೋಯಿತು. ಅದೇ ಹೊತ್ತಿಗೆ ಗುರಪ್ಪನಿಗೆ ಹೆಣ್ಣು ಗೊತ್ತು ಮಾಡುವ ಮಾತು ಎದ್ದಿತ್ತು. ಶಹಾಪುರದ ಗಾಣಿಗರ ದೇವಕಮ್ಮನ ಮಗಳು ಮಾನಮ್ಮ. ಹುಡುಗಿ ಗಟ್ಟಿಗಿತ್ತಿ, ಕೆಲಸದವಳು ಎಂದು ಸೂಗಮ್ಮ ದೂರದಿಂದಲೇ ಒಪ್ಪಿದ್ದಳು. ಆದರೆ ಅದೇ ಹುಡುಗಿಯನ್ನು ಯಾದಗಿರಿಯ ಒಂದು ಮನೆಯವರೂ ಕೇಳಿದ್ದರು. ಅವರ ಹತ್ತಿರ ಎಣ್ಣೆ ತೆಗೆಯುವ ಎಂಜಿನ್ ಇತ್ತು. ಎತ್ತು ಬೇಡ, ಮೇವು ಬೇಡ, ಬೆಲ್ಟು ಹಾಕಿದರೆ ಸಾಕು. ಗಾಣದ ಮನೆಯೋ, ಎಂಜಿನ್ ಮನೆಯೋ ಎಂದು ದೇವಕಮ್ಮ ತಕ್ಕಡಿ ಹಿಡಿದು ಕೂತಿದ್ದಳು. ಗಾಣದ ತಟ್ಟೆಯಲ್ಲಿದ್ದ ತೂಕವೆಂದರೆ ಅರಮನೆ ದೀಪದ ಹೆಸರು ಒಂದೇ. ಆ ದೀಪ ಉರಿಯುವ ಜಾಗ ತೋರಿಸು, ನೋಡಿ ಹೇಳುತ್ತೇನೆ ಎಂದು ಹೇಳಿ ಕಳಿಸಿದಳು.

ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವ ರೂಢಿಯಿಲ್ಲ, ಅದು ಬಸವಣ್ಣನ ದಿನ. ಗಾಣ ನಿಂತಿತ್ತು. ಸೂಗಮ್ಮ ಇಳಕಲ್ ಸೀರೆ ಉಟ್ಟು, ದೇವಕಮ್ಮನನ್ನು ಕರೆದುಕೊಂಡು ಏರು ಹತ್ತಿದಳು. ಕೇಳಿ ಬಂದವರಿಗೆ ಅರಮನೆಯ ಮುಂದಿನ ಭಾಗ ತೋರಿಸಬಹುದೆಂದು ಆಗ ಅಪ್ಪಣೆಯಾಗಿತ್ತು. ಪರಮಣ್ಣ ಹೆಬ್ಬಾಗಿಲಲ್ಲೇ ಕೂತಿದ್ದ. ಸೂಗಮ್ಮನನ್ನು ಕಂಡದ್ದೇ ಅವನ ಕೈ ತಾನಾಗಿ ಹಿಂದಿನ ಓಣಿಯ ಕಡೆ ಹೋಯಿತು.

“ಎಣ್ಣಿಯವರು ಹಿಂದ ಬರ್ರಿ” ಎಂದ.

“ಇವತ್ತ ಕೊಡ ಎಲ್ಲಿ ಅದ ನೋಡು” ಎಂದು ಸೂಗಮ್ಮ ಬರಿಗೈ ತೋರಿಸಿದಳು. “ಕೊಡಕ್ಕ ಹಿಂದಿನ ಬಾಗಿಲ. ನನಗ ಮುಂದಿನದು.”

ಪರಮಣ್ಣ ಎದ್ದ. ಚಿಲಕ ತೆಗೆದ.

ಇಬ್ಬರೂ ಒಳಗೆ ಕಾಲಿಟ್ಟರು. ಸತ್ಯ ಹೇಳಬೇಕೆಂದರೆ ಅರಮನೆಗಳ ಮೇಲೆ ಸಿಟ್ಟು ಇಟ್ಟುಕೊಂಡವರೂ ಆ ಅಂಗಳದಲ್ಲಿ ನಿಂತರೆ ತಲೆ ಎತ್ತಿ ನೋಡಲೇಬೇಕು. ಕರಿಕಲ್ಲಿನ ಎತ್ತರದ ಕಟ್ಟೆ. ಕಲ್ಲಿಗೂ ಕಲ್ಲಿಗೂ ನಡುವೆ ಚೂರಿಯ ತುದಿ ಹೋಗದ ಹಾಗೆ ಕೂಡಿಸಿದ ಸಂದು. ಮೇಲೆ ದಳದಳವಾಗಿ ಕಡೆದ ಗಾರೆಯ ಕಮಾನುಗಳು. ಅವುಗಳ ಹಿಂದೆ ದರಬಾರಿನ ಪಡಸಾಲೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದ್ದರೂ ಒಳಗಿನ ಗಚ್ಚಿನ ನೆಲ ಬಾವಿಯ ಕಟ್ಟೆಯ ಹಾಗೆ ಅಂಗಾಲಿಗೆ ತಂಪು ಕೊಡುತ್ತಿತ್ತು. ಗಾಳಿ ಎಲ್ಲಿಂದ ಬರುತ್ತದೆಂದು ಹುಡುಕಿದರೆ ಗೋಡೆಯ ದಪ್ಪದೊಳಗೇ ಕಿಂಡಿ ಬಿಟ್ಟಿದ್ದರು. ಸಾಲುಸಾಲಾಗಿ ತೇಗದ ಕಂಬಗಳು, ಒಂದೊಂದೂ ಇಬ್ಬರ ತೋಳಿಗೆ ತುಂಬುವಷ್ಟು ದಪ್ಪ. ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಕೆತ್ತಿದ ಗಿಳಿಗಳು ತಲೆಕೆಳಗಾಗಿ ಜೋತು ಬಿದ್ದಿದ್ದವು. ಮೇಲಿನ ಹಲಗೆಯ ತುಂಬ ಕಡೆದ ತಾವರೆ. ಅಷ್ಟು ಎತ್ತರದಲ್ಲಿ ಕತ್ತು ನೋಯಿಸಿಕೊಂಡು ಯಾರು ನೋಡುತ್ತಾರೆಂದು ಆ ಬಡಿಗ ಕೇಳಿಕೊಂಡಿರಲಿಲ್ಲ. ಮೂಲೆಯ ತಾವರೆಯ ಎಸಳನ್ನೂ ನಡುವಿನದರ ಹಾಗೆಯೇ ನುಣುಪು ಮಾಡಿದ್ದ.

ಸೂಗಮ್ಮ ಈ ಮನೆ ತನ್ನದೇ ಎಂಬಂತೆ ಮುಂದೆ ಮುಂದೆ ನಡೆದು ಗೋಡೆಯ ಮಾಡಗಳನ್ನು ತೋರಿಸಿದಳು. ನಿಜಕ್ಕೂ ಗೋಡೆಯ ತುಂಬ ಮಾಡಗಳಿದ್ದವು. ಅವಳು ಇಷ್ಟು ವರ್ಷ ಹೇಳುತ್ತ ಬಂದದ್ದು ಅಲ್ಲಿಯವರೆಗೆ ಸುಳ್ಳಾಗಲಿಲ್ಲ.

ದೇವಕಮ್ಮ ಗಾಣಿಗರ ಮನೆಯಲ್ಲಿ ಹುಟ್ಟಿ ಗಾಣಿಗರ ಮನೆ ಸೇರಿದವಳು. ಗಿಳಿ ನೋಡುವುದನ್ನು ಬಿಟ್ಟು ಒಂದು ಮಾಡದೊಳಗೆ ಬೆರಳು ಹಾಕಿ ಮೇಲಿನ ಕಮಾನಿಗೆ ತಿಕ್ಕಿದಳು. ಬೆರಳು ಹೊರಗೆ ತೆಗೆದಾಗ ಅದಕ್ಕೆ ಹತ್ತಿದ್ದು ಬಿಳಿ ಸುಣ್ಣ. ಇನ್ನೊಂದರಲ್ಲಿ ಹಾಕಿದಳು. ಅಲ್ಲೂ ಸುಣ್ಣ.

“ನಮ್ಮ ಮನಿ ದೇವರ ಮಾಡ ಒಂದ ದೀಪಕ್ಕ ಕರ್ರಗ ಹಂಚಿನಂಗ ಆಗ್ಯದ” ಎಂದಳು. “ಇಲ್ಲಿ ಮಸಿ ಎಲ್ಲಿ ಹೋತು ಸೂಗಮ್ಮ?”

ಸೂಗಮ್ಮ ತಾನೂ ಬೆರಳು ಹಾಕಿ ನೋಡಿದಳು. ಆಮೇಲೆ ಪರಮಣ್ಣನ ಕಡೆ ತಿರುಗಿದಳು. ಪರಮಣ್ಣ ರುಮಾಲು ಸರಿ ಮಾಡಿಕೊಂಡ, ಕೆಮ್ಮಿದ, ಹಿಂದಿನ ಕಾಲದಲ್ಲಿ ಹಚ್ಚುತ್ತಿದ್ದರೇನೋ, ಈಚೆಗೆ ಸುಣ್ಣ ಬಳಿದಿರಬೇಕು ಎಂದು ಏನೇನೋ ಹೊಲಿಯತೊಡಗಿದ. ಅವಳ ಮಾನ ಕಾಯುವ ಮನಸ್ಸು ಅವನಿಗಿತ್ತು.

“ತ್ಯಾಪಿ ಹಚ್ಚಬ್ಯಾಡ” ಎಂದಳು ಸೂಗಮ್ಮ. “ಇದ್ದದ್ದು ಹೇಳು. ನನ್ನೆಣ್ಣಿ ಯಾವ ಮಾಡದಾಗ ಉರೀತು?”

“ಯಾವುದ್ರಾಗೂ ಇಲ್ಲವ್ವ” ಎಂದ ಪರಮಣ್ಣ.

ಆಮೇಲೆ ಎಲ್ಲ ಹೇಳಿದ. ಮಾಡಗಳು ಅಂದಕ್ಕೆ ಮಾಡಿದ್ದು, ಹಬ್ಬದಲ್ಲಿ ಹೂವು, ಅತ್ತರು ಇಡುತ್ತಿದ್ದರು. ದರಬಾರಿಗೆ ಗಾಜಿನ ಹಂಡಿಗಳಿದ್ದವು. ಮೊದಲು ಅವುಗಳಲ್ಲಿ ಮೇಣದ ಬತ್ತಿ ಉರಿಯುತ್ತಿತ್ತು, ಆಮೇಲೆ ಚಿಮಣಿ ಎಣ್ಣೆ. ಸೂಗಮ್ಮನ ಕುಸುಬೆ ಎಣ್ಣೆಯನ್ನು ಕಾಯಿಸಿ, ಹಳೇ ಅರಿವೆಯಲ್ಲಿ ಅದ್ದಿ, ಬೇಸಿಗೆಗೆ ಮುಂಚೆ ಕಂಬ, ತೊಲೆ, ಬಾಗಿಲುಗಳಿಗೆ ತಿಕ್ಕುತ್ತಿದ್ದರು. ಅವನ ಅಪ್ಪನೂ ತಿಕ್ಕಿದ್ದ, ಅವನೂ ತಿಕ್ಕಿದ್ದ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಅವಳು ಕೇಳಿರಲಿಲ್ಲ.

ದೇವಕಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಆ ನಗೆಯಲ್ಲಿ ಯಾದಗಿರಿಯ ಎಂಜಿನ್ನಿನ ಸದ್ದು ಸೂಗಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.

“ನಿನ್ನ ಎತ್ತಿನ ಕಣ್ಣಿಗಷ್ಟೇ ಬಟ್ಟಿ ಕಟ್ಟಿದ್ದಿ ಅಂತ ತಿಳಿದಿದ್ದೆ ನೋಡು” ಎಂದಳು ದೇವಕಮ್ಮ.

ಬೇರೆ ಹೆಂಗಸಾಗಿದ್ದರೆ ಅಲ್ಲಿಂದ ಇಳಿದು ಹೋಗುತ್ತಿದ್ದಳು. ಸೂಗಮ್ಮ ಹತ್ತಿರದ ಕಂಬಕ್ಕೆ ಹೋಗಿ ಮೂಗು ಹಚ್ಚಿದಳು. ಉಗುರಿನಿಂದ ಗೀರಿದಳು. ಉಗುರು ಜಾರಿತು. ಕಂಬ ಹುಣಸೆ ಬೀಜದ ಹಾಗೆ ಕಪ್ಪುಗೆಂಪಾಗಿ ಹೊಳೆಯುತ್ತಿತ್ತು. ಇವಕ್ಕೆ ಎಷ್ಟು ವಯಸ್ಸು ಎಂದು ಕೇಳಿದಳು. ತನ್ನ ಮುತ್ತಜ್ಜನಿಗೂ ಗೊತ್ತಿರಲಿಲ್ಲ ಎಂದ ಪರಮಣ್ಣ. ಎಣ್ಣೆ ನಿಂತ ಮೇಲೆ ತಿಕ್ಕದೆ ಬಿಟ್ಟದ್ದು ಯಾವುದಾದರೂ ಇದೆಯೇ ಎಂದು ಕೇಳಿದಳು. ಪಡುವಣ ಜಗುಲಿಯ ಕಂಬಗಳನ್ನು ತೋರಿಸಿದ. ಬಿಸಿಲು, ಮಳೆ ಎರಡೂ ಬೀಳುವ ಜಾಗ. ಅವು ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದರ ಬುಡದಲ್ಲಿ ಬಿರುಕು ಬಿಟ್ಟು ಗೆದ್ದಲ ಮಣ್ಣಿನ ಗೆರೆ ಮೇಲೇರುತ್ತಿತ್ತು.

ಸೂಗಮ್ಮ ದೇವಕಮ್ಮನ ಕೈ ಹಿಡಿದು ಎಳೆದು ತಂದು ಆ ಬಿರುಕಿನ ಮೇಲೆ ಒತ್ತಿದಳು.

“ದೀಪದ ಮಾತು ಸುಳ್ಳಾತು, ಬಿಡು. ನಾ ನೋಡದ ಹೇಳಿದ್ದು ನಂದ ತಪ್ಪು. ಈಗ ನೋಡಿ ಹೇಳಾಕತ್ತೀನಿ. ಒಳಗಿನ ಕಂಬ ನನ್ನೆಣ್ಣಿ ಕುಡದ ನಿಂತಾವ. ಇವು ಕುಡೀಲಾರದ ಸಾಯಾಕತ್ತಾವ.”

“ಕಂಬ ವರ್ಷಕ್ಕೊಮ್ಮಿ ಕುಡೀತಾವ” ಎಂದಳು ದೇವಕಮ್ಮ. ಅವಳ ನಗೆ ನಿಂತಿತ್ತು, ಮಾತು ಈಗ ವ್ಯಾಪಾರದ ಧಾಟಿಗೆ ಬಂದಿತ್ತು. “ನನ್ನ ಮಗಳು ದಿನಾ ಉಣಬೇಕು. ಅರಮನಿ ಒಂದ, ಅದೂ ಎಣ್ಣಿ ನಿಲ್ಲಿಸ್ಯದ.”

“ಅರಮನಿ ಒಂದ ಅದ. ಬಾಗಿಲಾ ಎಷ್ಟ ಅವ?” ಎಂದು ಸೂಗಮ್ಮ ತಿರುಗಿ ಕೇಳಿದಳು. ದೇವಾಪುರದಿಂದ ಹತ್ತಿಕುಣಿಯವರೆಗೆ ಮನೆಮನೆಗೂ ಬಾಗಿಲಿದೆ, ತೊಲೆಯಿದೆ, ಬಂಡಿಯಿದೆ. ಹೊಸ ಸರಕಾರ ಊರಿಗೊಂದು ಕಚೇರಿ, ಸಾಲೆ ಕಟ್ಟುತ್ತಿದೆ; ಅವಕ್ಕೂ ಕಟ್ಟಿಗೆಯೇ ಬೇಕು. ದೀಪ ಎಲ್ಲ ಚಿಮಣಿ ಎಣ್ಣೆಗೆ ಹೋಯಿತು, ಹೋಗಲಿ. ಚಿಮಣಿ ಎಣ್ಣೆಯನ್ನು ಕಂಬಕ್ಕೆ ತಿಕ್ಕಿ ದೇವಕಮ್ಮನೇ ನೋಡಲಿ, ಮನೆ ವಾಸನೆ ಹೊಡೆಯುತ್ತದೆ, ಕಿಡಿ ಬಿದ್ದರೆ ಹತ್ತಿಕೊಳ್ಳುತ್ತದೆ. ಇಷ್ಟು ದಿನ ಅರಮನೆಯ ಹೆಸರು ಹೇಳಿಕೊಂಡು ಕೂತಲ್ಲೇ ಕೂತಿದ್ದೆ, ಇನ್ನು ಗುರಪ್ಪ ಬಂಡಿ ಕಟ್ಟಿ ಊರೂರಿಗೆ ಎಣ್ಣೆ ಒಯ್ಯುತ್ತಾನೆ ಎಂದಳು.

ಬಾಯಿಮಾತಿಗೆ ದೇವಕಮ್ಮ ಬಗ್ಗುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಉಗ್ರಾಣದಲ್ಲಿ ತನ್ನ ಎಣ್ಣೆ ತಳದಲ್ಲಾದರೂ ಉಳಿದಿದೆಯೇ ಎಂದು ಪರಮಣ್ಣನನ್ನು ಕೇಳಿದಳು. ಅವನು ಹಿಂದುಮುಂದು ನೋಡಿದ. ನೋಡಲು ಬಂದವರು ಕಂಬ ಮುಟ್ಟುವ ಪದ್ಧತಿಯಿಲ್ಲ, ಅದರಲ್ಲೂ ಹೆಂಗಸರು.

“ಗೆದ್ದಲು ಪದ್ಧತಿ ಕೇಳಿ ಹತ್ತಿತೇನು?” ಎಂದಳು ಸೂಗಮ್ಮ.

ಪರಮಣ್ಣ ಹೋಗಿ ತಂದ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಎಣ್ಣೆ ಕಾಯಿಸಿದರು. ಸೂಗಮ್ಮ ಇಳಕಲ್ ಸೀರೆಯ ಕಚ್ಚೆ ಬಿಗಿದು ಗೆದ್ದಲ ಮಣ್ಣು ಕೆರೆದು ತೆಗೆದಳು, ಅರಿವೆ ಅದ್ದಿ ಬಿರುಕಿನೊಳಗೆ ಒತ್ತಿ ಒತ್ತಿ ಕುಡಿಸಿದಳು, ಆಮೇಲೆ ಕೆಳಗಿನಿಂದ ಮೇಲಕ್ಕೆ ತಿಕ್ಕತೊಡಗಿದಳು. ಬೂದಿ ಬಣ್ಣ ಸರಿದು ಕಟ್ಟಿಗೆಯ ನೆರಿಗೆಗಳು ಒಂದೊಂದಾಗಿ ಎದ್ದು ಬಂದವು. ಕೆತ್ತಿದ ಬಳ್ಳಿಯೊಂದು ಕಂಬ ಸುತ್ತಿಕೊಂಡು ಹೋಗಿತ್ತು. ಧೂಳಿನಲ್ಲಿ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಪರಮಣ್ಣ ಬಗ್ಗಿ ನೋಡಿ, ಈ ಬಳ್ಳಿಯ ಹೂವು ಎಣಿಸುತ್ತ ಚಿಕ್ಕಂದಿನಲ್ಲಿ ಇಲ್ಲೇ ನಿದ್ದೆ ಹೋಗುತ್ತಿದ್ದೆ ಎಂದ.

ದೇವಕಮ್ಮ ಜಗುಲಿಯ ಅಂಚಿನಲ್ಲಿ ಕೂತು ನೋಡುತ್ತಿದ್ದಳು. ಕೆಲಸ ನಡೆದ ಕಡೆ ಕೈಕಟ್ಟಿ ಕೂಡುವುದು ಗಾಣಿಗರ ಹೆಣ್ಣಿಗೆ ಆಗದ ಮಾತು. ಸೂಗಮ್ಮನ ಕೈ ಒಂದು ಕಡೆ ಹಗುರಾಗಿ ಬಿತ್ತೆಂದು ಬೈದಳು. ಇನ್ನೊಂದು ಕಡೆ ಬಿಟ್ಟುಹೋಯಿತೆಂದು ತೋರಿಸಿದಳು. ಕಡೆಗೆ ತಾನೇ ಎದ್ದು ಸೆರಗು ಸಿಗಿಸಿ, ಅರಿವೆ ಹರಿದು ಅರ್ಧ ತೆಗೆದುಕೊಂಡು ಕಂಬದ ಆ ಬದಿಗೆ ನಿಂತಳು. ಇಬ್ಬರೂ ತಿಕ್ಕಿದರು. ಅಂಗಳದ ನೆರಳು ಸರಿದು ಕಟ್ಟೆ ಮುಟ್ಟಿತು.

“ಎಂಜಿನ್ ಮನಿಯವರಿಗಿ ಏನ್ ಹೇಳ್ತಿ?” ಎಂದು ಸೂಗಮ್ಮ ಕಂಬದ ಈ ಬದಿಯಿಂದ ಕೇಳಿದಳು.

“ಅವ್ರು ಮೊನ್ನಿ ಬಂದಾಗ ಮಾನಮ್ಮ ಕೇಳಿದ್ಲು, ಎಂಜಿನ್ ಕೆಟ್ರ ಯಾರು ರಿಪೇರಿ ಮಾಡ್ತೀರಿ ಅಂತ. ಹೈದರಾಬಾದಿನಿಂದ ಮಿಸ್ತ್ರಿ ಬರಬೇಕು ಅಂದ್ರು. ಬರೂತನಕ ಏನ್ ಮಾಡ್ತೀರಿ ಅಂದ್ಲು. ಕೂಡ್ತೀವಿ ಅಂದ್ರು.” ದೇವಕಮ್ಮ ಅರಿವೆ ಹಿಂಡಿ ಮತ್ತೆ ಅದ್ದಿದಳು. “ಕೂಡೂ ಮಂದಿಗಿ ನನ್ನ ಮಗಳನ್ನ ಹ್ಯಾಂಗ ಕೊಡ್ಲಿ? ಬುಧವಾರ ಹುಡುಗಿ ನೋಡಾಕ ಬರ್ರಿ. ಮಗನ ಮುಂದ ದೀಪದ ಸುಳ್ಳು ಹೇಳಬ್ಯಾಡ.”

“ಹೇಳಂಗಿಲ್ಲ.”

“ಮತ್ತ ಬರೂವಾಗ ಒಂದ ಕೊಡ ಎಣ್ಣಿ ತರ್ರಿ. ನಮ್ಮ ತಲಬಾಗಿಲ ಒಣಗಿ ಬಿರಕ ಬಿಟ್ಟದ.”

“ತರ್ತೀನಿ” ಎಂದಳು ಸೂಗಮ್ಮ. “ಬೀಗರು ಇನ್ನೂ ಆಗಿಲ್ಲ. ರೊಕ್ಕಾ ಹಿಡಕೊಂಡಿರ್ರಿ.”